ಬಸ್ಸಿನ ತಂಟೆಗೆ ಬರಬೇಡಿ

ಗದಗಿನಿಂದ ನಿವೃತ್ತ ಕನ್ನಡ ಮಾಸ್ತರರೊಬ್ಬರು ಬರೆದಿದ್ದಾರೆ. ಕಳೆದ ಸಂಚಿಕೆಯ ಒಂದೇ ಲೇಖನದಲ್ಲಿ 11 ಸಲ 'ಬಸ್ಸು' ಬಂದಿದೆಯಂತೆ. ಪ್ರತಿಯೊಂದಕ್ಕೂ ಕೆಂಪು ಗೆರೆ ಎಳೆದು ಆ ಪುಟವನ್ನೇ ಕಳಿಸಿದ್ದಾರೆ. 'ಇಂಗ್ಲಿಷರ ಪದ ಬಿಟ್ಟು ಸಾರಿಗೆ ವಾಹನ ಅಂತ ಬರೆಯಲು ನಿಮಗೇನು ಕಷ್ಟ?' ಎಂಬುದು ಅವರ ಪ್ರಶ್ನೆ.

ಮಾಸ್ತರರೇ, ಎಣಿಸಿ ಓದುವವರು ಇನ್ನೂ ಇದ್ದಾರಲ್ಲ, ಅದಕ್ಕೆ ಮೊದಲು ನಮಸ್ಕಾರ. ಕನ್ನಡ ಪದ ಇರುವಾಗ ಸುಮ್ನೆ ಇಂಗ್ಲಿಷ್ ತುರುಕಬಾರದು ಅನ್ನೋದೂ ಸರಿ. ಆದರೆ ಬಸ್ಸಿನ ತಂಟೆಗೆ ಮಾತ್ರ ಬರಬೇಡಿ.

ಅದು ಇಂಗ್ಲಿಷರ ಸ್ವಂತ ಆಸ್ತಿಯೇ ಅಲ್ಲ. 1826ರಲ್ಲಿ ಫ್ರಾನ್ಸಿನ ನಾಂತ್ ಊರಿನಲ್ಲಿ ಸ್ತಾನಿಸ್ಲಾಸ್ ಬೋದ್ರಿ ಎಂಬಾತ ಊರ ನಡುವಿನಿಂದ ತನ್ನ ಸ್ನಾನದ ಮನೆಗೆ ಗಿರಾಕಿಗಳನ್ನು ತರಲು ಕುದುರೆ ಗಾಡಿ ಬಿಟ್ಟ. ಸ್ನಾನ ಬೇಡದವರೂ ಹತ್ತತೊಡಗಿದರು. ಗಾಡಿಗೆ 'ಓಮ್ನಿಬಸ್' ಎಂಬ ಹೆಸರು ನಿಂತಿತು. ಲ್ಯಾಟಿನ್‌ನಲ್ಲಿ ಹಾಗಂದರೆ 'ಎಲ್ಲರಿಗೆ'. 1829ರಲ್ಲಿ ಜಾರ್ಜ್ ಶಿಲಿಬಿಯರ್ ಲಂಡನ್ನಿನಲ್ಲೂ ಮೂರು ಕುದುರೆ ಕಟ್ಟಿ ಓಡಿಸಿದ. ಆಮೇಲೆ ಇಂಗ್ಲಿಷರು ಪದದ ತಲೆ ಕತ್ತರಿಸಿ ಬಾಲವನ್ನಷ್ಟೇ ಇಟ್ಟುಕೊಂಡರು. 'ಎಲ್ಲರಿಗೆ'ಯಲ್ಲಿ ಎಲ್ಲರೂ ಇಳಿದು ಹೋಗಿ 'ಗೆ' ಒಂದೇ ಉಳಿದ ಹಾಗೆ. ಬರೀ ವಿಭಕ್ತಿ ಪ್ರತ್ಯಯ! ನಾವು ಅದಕ್ಕೆ 'ಉ' ಹಚ್ಚಿ, ಮೇಲೆ ನಮ್ಮ ಚತುರ್ಥಿಯನ್ನೂ ಕೂಡಿಸಿ 'ಬಸ್ಸಿಗೆ' ಅನ್ನುತ್ತೇವೆ. ಅಂದರೆ 'ಗೆ'ಗೆ. ವ್ಯಾಕರಣ ಕಲಿಸಿದವರು ನೀವು, ನಗು ಬರಬೇಕಲ್ವಾ?

ಕರೆಂಟಿನವರ 'ಬಸ್ ಬಾರ್' ಕೂಡ ಇದೇ ಬಳಗ, ಎಲ್ಲ ಲೈನಿಗೂ ಕರೆಂಟು ಹಂಚುವ ಲೋಹದ ಪಟ್ಟಿ.

ನಮ್ಮ ಕಡೆ ಇನ್ನೆರಡು ಬಸ್ ಇವೆ. ಇದಕ್ಕೂ ಅವಕ್ಕೂ ನೆಂಟಸ್ತಿಕೆ ಇಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿದು 'ಬಸ್ ರೀ' ಅನ್ನುತ್ತೇವಲ್ಲ, ಅದು ಪಾರ್ಸಿಯ 'ಸಾಕು'. ಮರಾಠಿಯಲ್ಲಿ 'ಬಸ್' ಅಂದರೆ ಕೂತುಕೋ. ಎಂಟು ವರ್ಷದವನಿದ್ದಾಗ ಕೊಲ್ಹಾಪುರದ ಅತ್ತೆಯ ಮನೆಯಲ್ಲಿ ಎರಡು ರೊಟ್ಟಿ ತಿಂದು ಚಡಪಡಿಸುತ್ತಿದ್ದೆ. ಅತ್ತೆ 'ಬಸ್, ಬಸ್' ಅಂದರು. ಸಾಕು ಅಂದರೇನೋ ಅಂತ ಎದ್ದು ಕೈ ತೊಳೆದೆ. ತಿರುಗಿ ನೋಡಿದರೆ ಅವರು ಮೂರನೇ ರೊಟ್ಟಿ ಹಿಡಿದು ನಿಂತಿದ್ದರು. ಮೇಲಿನ ಬೆಣ್ಣೆ ಕರಗಿ ಬೆರಳಿಗೆ ಇಳಿಯುತ್ತಿತ್ತು.

ಇನ್ನು ನಿಮ್ಮ 'ವಾಹನ'. ಅದೂ ಸಂಸ್ಕೃತದ ಸಾಲ ತಾನೇ? ಅದಕ್ಕೆ ಕೆಂಪು ಗೆರೆ ಯಾಕಿಲ್ಲ? ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಓಡುವ ಬಸ್ಸಿಗೆ 'ಚಿಗರಿ' ಅಂತ ಹೆಸರಿಟ್ಟರು, ಬಾಯಿಗೆ ಹತ್ತಿತು. 'ಕೃಷ್ಣಮೃಗ' ಅಂತ ಇಟ್ಟಿದ್ದರೆ?

ನನ್ನ ಸಿಟ್ಟೆಲ್ಲ ಬೋರ್ಡು ಬರೆಸುವವರ ಮೇಲೆ. ಒಂದು ನಿಲ್ದಾಣದಲ್ಲಿ ಕಾಯಿಪಲ್ಯೆ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು 'ಹೊರಗ ಹೋಗೂ ದಾರಿ ಯಾವದೋ ತಮ್ಮಾ?' ಅಂತ ಕೇಳಿದಳು. ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ತಾನೇ ಓದಿ ಹತ್ತಿದ್ದಾಕೆ. ಆಗ ಅವಳು ನಿಂತಿದ್ದು 'ನಿರ್ಗಮನ ದ್ವಾರ' ಎಂಬ ಬೋರ್ಡಿನ ಕೆಳಗೇ.

- ಸಂ.