ಉಸಿರು ಸಾಲುತ್ತಿಲ್ಲವೋ, ಉಳಿದುಹೋಗುತ್ತಿದೆಯೋ?

ಪ್ರಶ್ನೆ: ಟ್ರಂಪೆಟ್ ಕಲಿಯುತ್ತಿದ್ದೇನೆ. ಎಂಟು ಬಾರ್‌ನ (ತಾಳದ ಎಂಟು ಸುತ್ತಿನ) ಸಾಲನ್ನು ಒಂದೇ ಉಸಿರಿನಲ್ಲಿ ನುಡಿಸಬೇಕು, ಐದನೇ ಬಾರ್‌ಗೇ ಉಸಿರು ಕಟ್ಟಿದ ಹಾಗಾಗುತ್ತದೆ. ಶ್ವಾಸಕೋಶ ದೊಡ್ಡದಾಗಲು ಏನು ವ್ಯಾಯಾಮ ಮಾಡಲಿ?

ಉತ್ತರ: ವ್ಯಾಯಾಮ ಆಮೇಲೆ. ಮೊದಲು ಇದನ್ನು ಮಾಡಿ ನೋಡಿ. ಮುಂದಿನ ಸಲ ಉಸಿರು ಕಟ್ಟಿದಾಗ ಟ್ರಂಪೆಟ್ ಕೆಳಗಿಳಿಸಿ, ಗಾಳಿ ಒಳಗೆ ಎಳೆದುಕೊಳ್ಳಬೇಡಿ, ಹೊರಗೆ ಬಿಡಿ. ಭುಸ್ ಅಂತ ತುಂಬಾ ಗಾಳಿ ಬಂತಾ? ಹಾಗಾದರೆ ನಿಮಗೆ ಗಾಳಿ ಕಡಿಮೆಯಾಗಿಲ್ಲ, ಹಳೇ ಗಾಳಿ ಒಳಗೇ ಉಳಿದಿದೆ. ಟ್ರಂಪೆಟ್‌ಗೆ ಒತ್ತಡ ಜಾಸ್ತಿ ಬೇಕು, ಗಾಳಿ ಖರ್ಚಾಗುವುದು ನಿಧಾನ. ಉಳಿದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ, ಉಸಿರಾಡಲೇಬೇಕು ಅನ್ನುವ ಒದ್ದಾಟ ಹುಟ್ಟುವುದು ಮುಖ್ಯವಾಗಿ ಅದರಿಂದಲೇ. ಅದರ ಮೇಲೇ ಇನ್ನಷ್ಟು ತುಂಬಿಕೊಂಡರೆ ಎದೆ ಬಿಗಿಯುತ್ತದೆ ಅಷ್ಟೇ. ವಿರಾಮ ಸಿಕ್ಕ ಕಡೆ ಮೊದಲು ಬಿಡಿ, ಆಮೇಲೆ ತೆಗೆದುಕೊಳ್ಳಿ. ಎರಡು ಬಾರ್‌ನ ಸಾಲಿಗೆ ಎದೆ ಪೂರ್ತಿ ತುಂಬಿಸಬೇಡಿ, ಸಾಲಿಗೆ ಎಷ್ಟು ಬೇಕೋ ಅಷ್ಟು ಸಾಕು.

ಬಿಟ್ಟಾಗ ಏನೂ ಬರಲಿಲ್ಲ ಅಂದರೆ ತುಟಿ ಕಡೆ ನೋಡಿ. ಸಂದು ಅಗಲವಾಗಿದ್ದರೆ ಗಾಳಿ ದನಿಯಾಗದೆ ಸೋರಿಹೋಗುತ್ತದೆ. ಮಧ್ಯದ ಒಂದು ಸ್ವರವನ್ನು ಕೇಳಿಸೀ ಕೇಳಿಸದಷ್ಟು ಮೆಲ್ಲಗೆ ಹಿಡಿದು ನಿಲ್ಲಿಸಿ, ಸ್ವರದ ಜೊತೆ ಸುಯ್ ಅನ್ನುವ ಸದ್ದು ಇದೆಯಾ ಅಂತ ಕಿವಿಗೊಡಿ. ದಿನಾ ಒಂದಷ್ಟು ಹೊತ್ತು ಹೀಗೆ ಮಾಡಿದರೆ ಸಂದು ತಾನಾಗಿ ಚಿಕ್ಕದಾಗುತ್ತದೆ, ಅದೇ ಉಸಿರು ಎಷ್ಟೋ ಹೆಚ್ಚು ಹೊತ್ತು ಬರುತ್ತದೆ. ತುಟಿಯನ್ನು ಹಿಂಡಿ ಚಿಕ್ಕದು ಮಾಡಲು ಹೋಗಬೇಡಿ, ದನಿ ಸತ್ತುಹೋಗುತ್ತದೆ.

ಇನ್ನು ಶ್ವಾಸಕೋಶದ ಅಳತೆ. ಪೂರ್ತಿ ತುಂಬಿ ಪೂರ್ತಿ ಬಿಟ್ಟರೆ ದೊಡ್ಡವರಲ್ಲಿ ಸಾಮಾನ್ಯವಾಗಿ 3ರಿಂದ 5 ಲೀಟರ್ ಗಾಳಿ ಬರುತ್ತದೆ, ಅದನ್ನು ಹೆಚ್ಚಾಗಿ ನಿರ್ಧರಿಸುವುದು ಎತ್ತರ, ವಯಸ್ಸು, ಗಂಡೋ ಹೆಣ್ಣೋ ಅನ್ನುವುದು. ವ್ಯಾಯಾಮದಿಂದ ದೊಡ್ಡ ಬದಲಾವಣೆ ಆಗದು. ಷಿಕಾಗೋ ಸಿಂಫನಿ ಆರ್ಕೆಸ್ಟ್ರಾದಲ್ಲಿ 1944ರಿಂದ 1988ರವರೆಗೆ ಟ್ಯೂಬಾ (ತಗ್ಗು ದನಿಯ ದೊಡ್ಡ ಹಿತ್ತಾಳೆ ವಾದ್ಯ) ನುಡಿಸಿದ ಆರ್ನಲ್ಡ್ ಜೇಕಬ್ಸ್ ಅವರ ಶ್ವಾಸಕೋಶದ ಸಾಮರ್ಥ್ಯ ಕಡಿಮೆಯೇ ಇತ್ತು, ನುಡಿಸುತ್ತಿದ್ದದ್ದು ಮಾತ್ರ ತುಂಬಾ ಗಾಳಿ ಬೇಡುವ ವಾದ್ಯ. ಇದನ್ನು ಓದಿಯಾದರೂ ನಿಮ್ಮ ಎದೆಯನ್ನು ದೂರುವುದು ಬಿಡಿ.

ಪ್ರಶ್ನೆ: ಮೂಗಿನಿಂದ ಉಸಿರು ತೆಗೆದುಕೊಳ್ಳಬೇಕಾ, ಬಾಯಿಂದಲಾ?

ಉತ್ತರ: ನುಡಿಸುವ ನಡುವೆ ಬಾಯಿಂದ. ಮೌತ್‌ಪೀಸ್ ಅಲ್ಲಾಡದ ಹಾಗೆ ಬಾಯಿಯ ಎರಡು ತುದಿ ಸ್ವಲ್ಪ ತೆರೆದರೆ ಸಾಕು. ಗಂಟಲು ಆಕಳಿಸುವಾಗ ಇದ್ದ ಹಾಗೆ ಅಗಲವಾಗಿರಲಿ. ಎಳೆಯುವಾಗ ಸದ್ದು ಜೋರಾಗಿದ್ದರೆ ದಾರಿ ಎಲ್ಲೋ ಕಿರಿದಾಗಿದೆ.

ಪ್ರಶ್ನೆ: ನಾನು ಟ್ಯೂಬಾ ನುಡಿಸುತ್ತೇನೆ. ಕೆಳಗಿನ ಸ್ವರಗಳಲ್ಲಿ ತಲೆ ಸುತ್ತುತ್ತದೆ. ಹೊಟ್ಟೆ ಗಟ್ಟಿ ಮಾಡಿ ಡಯಾಫ್ರಮ್‌ನಿಂದ ತಳ್ಳು ಅನ್ನುತ್ತಾರೆ, ಅದೂ ಆಗುತ್ತಿಲ್ಲ.

ಉತ್ತರ: ಆಗುವುದೂ ಇಲ್ಲ. ಡಯಾಫ್ರಮ್ ಉಸಿರನ್ನು ಒಳಗೆ ತರುವ ಸ್ನಾಯು, ಅದರಿಂದ ಹೊರಗೆ ತಳ್ಳಲು ಬರುವುದಿಲ್ಲ. ತುಂಬಿದ ಎದೆ ತಾನಾಗಿಯೇ ಕುಗ್ಗಲು ನೋಡುತ್ತದೆ, ಆ ಬಲ ಶುರುವಿನಲ್ಲಿ ಪುಕ್ಕಟೆ ಸಿಗುತ್ತದೆ, ಆಮೇಲೆ ಹೊಟ್ಟೆ ಮತ್ತು ಪಕ್ಕೆಲುಬಿನ ಸ್ನಾಯುಗಳು ಸೇರಿಕೊಳ್ಳುತ್ತವೆ. ಮೊದಲೇ ಹೊಟ್ಟೆ ಬಿಗಿಹಿಡಿದರೆ ಗಾಳಿ ಒಳಗೆ ಇಳಿಯಲು ಜಾಗವೇ ಇರುವುದಿಲ್ಲ, ಅಲ್ವಾ? ಗಾಳಿಯ ಕೊನೆಯ ತುಣುಕನ್ನು ಹಿಂಡಿ ತೆಗೆಯಲು ಹೋದರೆ ಕತ್ತು, ಭುಜ ಎಲ್ಲಾ ಬಿಗಿಯುತ್ತದೆ. ಅದಕ್ಕೆ ಮೊದಲೇ ಉಸಿರು ತೆಗೆದುಕೊಳ್ಳಿ, ಟ್ಯೂಬಾದಲ್ಲಿ ಮತ್ತೆ ಮತ್ತೆ ತೆಗೆದುಕೊಂಡರೆ ತಪ್ಪೇನಿಲ್ಲ. ಎಲ್ಲಿ ಅಂತ ಮಾತ್ರ ನೋಟ್ಸ್ ಮೇಲೆ ಪೆನ್ಸಿಲ್‌ನಿಂದ ಮೊದಲೇ ಗುರುತು ಮಾಡಿ.

ತಲೆ ಸುತ್ತುವುದಕ್ಕೆ ಕಾರಣ ಟ್ರಂಪೆಟ್‌ನವರದ್ದಕ್ಕೆ ಉಲ್ಟಾ. ನಿಮ್ಮಲ್ಲಿ ಗಾಳಿ ರಾಶಿ ರಾಶಿ ಓಡಾಡಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದುಹೋಗುತ್ತದೆ. ಸುತ್ತಿದ ಕೂಡಲೇ ನಿಲ್ಲಿಸಿ, ಕೂತು, ಮಾಮೂಲಿ ಉಸಿರಾಡಿ. ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ಕೆಳ ಸ್ವರಗಳ ಅಭ್ಯಾಸವನ್ನು ಚಿಕ್ಕ ಚಿಕ್ಕದಾಗಿ ಒಡೆದುಕೊಳ್ಳಿ. ವಾದ್ಯ ಮುಟ್ಟದಿದ್ದಾಗಲೂ ತಲೆ ಸುತ್ತುತ್ತಿದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.