ಚಿಂಚೋಳಿ ಕಾಡಿನಾಗ ಸಣ್ಣ ಹುಳ ಸಿಕ್ರ ಅದು ಹೊಸ ಪ್ರಭೇದ ಅಂತ ಹೆಂಗ ಹೇಳ್ತಾರ?

ತರಗೆಲಿ ಬುಡಕ ಸಾಸಿವಿಗಿಂತ ಸಣ್ಣ ದುಂಬಿ ಸಿಕ್ತು ಅಂತ ಇಟ್ಕೋರಿ, ಮೊಬೈಲ್‌ನಾಗ ಫೋಟೋ ಹೊಡದು ಹೊಸದು ಅಂದ್ರ ಯಾರೂ ಒಪ್ಪಂಗಿಲ್ಲ. ಮೈಕ್ರೋಸ್ಕೋಪ್ ಕೆಳಗ ಇಟ್ಟು ಮೀಸಿಗೆ ಎಷ್ಟು ಗೆಣ್ಣು, ರೆಕ್ಕಿ ಮ್ಯಾಲಿನ ಚಿಪ್ಪಿನಾಗ ಗೆರಿ ಹೆಂಗವ ಅಂತ ನೋಡಿ, ಮ್ಯೂಸಿಯಂನಾಗಿನ ಹಳೇ ಸ್ಯಾಂಪಲ್ ಜೋಡಿ ಹೋಲಿಸಬೇಕು. ಹೊರಗ ಎಲ್ಲಾ ಒಂದೇ ಥರ ಕಂಡ್ರ ಗಂಡು ಹುಳದ ಜನನಾಂಗ ಬಿಚ್ಚಿ ನೋಡ್ತಾರ, ನಗಬ್ಯಾಡ್ರಿ, ಭಾಳ ಸಲ ಫರಕ್ ಸಿಗೋದೇ ಅಲ್ಲಿ. ಆಮ್ಯಾಲ ಒಂದು ಹುಳ ಹೋಲೋಟೈಪ್, ಅಂದ್ರ ಆ ಹೆಸರಿಗೆ ಆಧಾರ ಆಗೋ ಮೂಲ ಸ್ಯಾಂಪಲ್, ಅಂತ ಆರಿಸಿ ಮ್ಯೂಸಿಯಂನಾಗ ಇಟ್ಟು, ಹೆಸರು ವಿವರ ಜರ್ನಲ್‌ನಾಗ ಛಾಪಿಸಿದ್ರ ಆಯ್ತು.

ಎಷ್ಟ್ ಸಣ್ಣ ಇರ್ತಾವ ಅಂದ್ರ, ಕೊಲಂಬಿಯಾದಾಗ ಅಳದ ಸ್ಕೈಡೋಸೆಲ್ಲಾ ಅನ್ನೋ ದುಂಬಿ ಬರೇ 0.325 ಮಿ.ಮೀ. ಅದ, ಹಾಳಿ ಮ್ಯಾಲ ಬಿದ್ರ ಪೆನ್ನಿನ ಚುಕ್ಕಿ ಅನಸ್ತದ.