ಚುಕ್ಕೆ ಇಲ್ಲದ ಪ್ರಶ್ನೆಗೂ ಬೆಲೆ ಇದೆ

ನಿಮ್ಮ ಸಂಸದರು ಲೋಕಸಭೆಯಲ್ಲಿ ಎದ್ದು ಮಾತಾಡಿದ್ದು ಕಡಿಮೆ, ಆದರೆ ಪ್ರಶ್ನೆಗಳ ಪಟ್ಟಿ ಉದ್ದ ಇದೆ, ಅದು ಲೆಕ್ಕಕ್ಕೆ ಬರುತ್ತಾ ಅಂತ ಕೇಳಿದ್ದೀರಿ. ಖಂಡಿತ ಬರುತ್ತದೆ. ಸಚಿವರು ಬಾಯಲ್ಲೇ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20 ಮಾತ್ರ. ಅದರಲ್ಲೂ ಯಾರದ್ದು ಮೊದಲು ಅನ್ನೋದು ಬ್ಯಾಲೆಟ್‌ನಲ್ಲಿ, ಅಂದರೆ ಚೀಟಿ ಎತ್ತಿದ ಹಾಗೆ, ತೀರ್ಮಾನ ಆಗುತ್ತದೆ. ಲಿಖಿತ ಉತ್ತರ ಸಿಗುವ, ಚುಕ್ಕೆ ಇಲ್ಲದ ಪ್ರಶ್ನೆಗಳಾದರೆ ದಿನಕ್ಕೆ ಗರಿಷ್ಠ 230ಕ್ಕೆ ಜಾಗ ಇದೆ. ಹಿಂದಿನ ಬೆಂಚಿನಲ್ಲಿ ಕೂರುವ ಸದಸ್ಯರ ದುಡಿಮೆ ಜಾಸ್ತಿ ಕಾಣುವುದು ಅಲ್ಲೇ.

ಆದರೆ ಸುಮ್ನೆ ಸಂಖ್ಯೆ ಎಣಿಸಬೇಡಿ. ಲೋಕಸಭೆಯ ಜಾಲತಾಣದಲ್ಲಿ ಅವರ ಹೆಸರು ಹುಡುಕಿ, ಉತ್ತರಗಳನ್ನೇ ಓದಿ. ನಿಮ್ಮ ಕ್ಷೇತ್ರದ ರೈಲು, ನೀರಿನ ಬಗ್ಗೆ ಕೇಳಿದ್ದಾರಾ? ಸಚಿವರು ಜಾರಿಕೊಂಡಾಗ ಮುಂದಿನ ಅಧಿವೇಶನದಲ್ಲಿ ಮತ್ತೆ ಹಿಡಿದಿದ್ದಾರಾ? ನನಗೆ ಅದೇ ಮುಖ್ಯ. ಸದನದಲ್ಲಿ ಸಚಿವರು ಕೊಟ್ಟ ಭರವಸೆಯನ್ನು 3 ತಿಂಗಳಲ್ಲಿ ಈಡೇರಿಸಬೇಕು. ಅದಕ್ಕೆ ಭರವಸೆಗಳ ಸಮಿತಿಯೇ ಇದೆ.